ಪೀಟ್ ನೆಲ ಸರಿಪಡಿಸುವಾಗ ಕೆಡಿಸದಿರುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ನರ್ಸರಿಯಲ್ಲಿ ಸಿಗುವ ಕೋಕೋಪೀಟ್ ನಿಮಗೆಲ್ಲ ಗೊತ್ತು. ಅದು ತೆಂಗಿನ ನಾರಿನದು. ಇವತ್ತಿನ ಮಾತು ಬೇರೆ ಪೀಟ್ ಬಗ್ಗೆ. ಜೌಗು ಕಾಡಿನಲ್ಲಿ ಬಿದ್ದ ಎಲೆ, ಬೇರು, ಕೊಂಬೆ ನೀರಲ್ಲಿ ಮುಳುಗಿ, ಪೂರ್ತಿ ಕೊಳೆಯದೆ, ಸಾವಿರಾರು ವರ್ಷ ಪದರ ಪದರವಾಗಿ ಕೂತ ನೆಲ ಅದು. ಇಂಡೋನೇಷ್ಯಾದ ಮಧ್ಯ ಕಾಲಿಮಂತಾನ್‌ನಲ್ಲಿ ಕೆಲವು ಕಡೆ 10 ಮೀಟರಿಗೂ ಹೆಚ್ಚು ಆಳವಿದೆ.

1995ರಲ್ಲಿ ಸುಹಾರ್ತೊ ಸರ್ಕಾರ ಅಲ್ಲಿ ಸುಮಾರು 10 ಲಕ್ಷ ಹೆಕ್ಟೇರ್ ಜಾಗವನ್ನು ಭತ್ತದ ಗದ್ದೆ ಮಾಡಲು ಹೊರಟಿತು. ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿದರು. ಯೋಜನೆ ಕೈಕೊಟ್ಟಿತು, ನೀರು ಮಾತ್ರ ಬಸಿದು ಹೋಯಿತು. 1997ರ ಎಲ್ ನಿನೊ ಬರದಲ್ಲಿ ನೆಲವೇ ಹೊತ್ತಿ ಉರಿಯಿತು. 2015ರಲ್ಲಿ ಮತ್ತೆ ಬೆಂಕಿ. ಆ ವರ್ಷ ದೇಶದಲ್ಲಿ ಒಟ್ಟು ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಪೀಟ್ ನೆಲ ಸರಿಪಡಿಸಲೆಂದೇ 2016ರಲ್ಲಿ ಸರ್ಕಾರ ಒಂದು ಸಂಸ್ಥೆ ಕಟ್ಟಿತು. ನೀರು ಬಸಿದು ಹೋಗದಂತೆ ಕಾಲುವೆಗೆ ಒಡ್ಡು ಹಾಕುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು.

ಒಳ್ಳೆಯ ಕೆಲಸವೇ. ಆದರೆ ಒಡ್ಡು ಕಟ್ಟುವ ಕೆಲಸದಿಂದಲೂ ನೆಲ ಕೆಡುತ್ತದೆ. ಇದನ್ನು ವರದಿಗಳಲ್ಲಿ ಸುಮ್ನೆ ಒಂದು ಸಾಲಲ್ಲಿ ಮುಗಿಸಿಬಿಡುತ್ತಾರೆ.

ಮೊದಲು ಮರದ ವಿಷಯ. ಒಡ್ಡು ಅಂದರೆ ಎರಡು ಸಾಲು ಗೂಟ, ನಡುವೆ ಮಣ್ಣಿನ ಚೀಲ. ನಮ್ಮ ಕರಾವಳಿಯ ತೋಡುಗಳಿಗೆ ಹಾಕುವ ಕಟ್ಟದ ಹಾಗೆಯೇ. ಗೂಟಕ್ಕೆ ಗಲಂ ಮರ ಬಳಸುತ್ತಾರೆ. ಪಕ್ಕದ ಕಾಡಿನಿಂದಲೇ ಕಡಿದರೆ, ಉಳಿಸಲು ಹೋದ ಕಾಡನ್ನೇ ಕಡಿದಂತೆ ಅಲ್ವಾ? ಮರ ಎಲ್ಲಿಂದ ಬರುತ್ತದೆ ಅನ್ನುವುದು ಗುತ್ತಿಗೆಯಲ್ಲೇ ಬರೆದಿರಬೇಕು. ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಹರಿದು ಚೂರಾಗಿ ಅಲ್ಲೇ ಉಳಿಯುತ್ತದೆ.

ಇನ್ನು ಹಿಟಾಚಿ. ಪೀಟ್ ಮೆತ್ತನೆ ನೆಲ, ಭಾರ ಬಿದ್ದರೆ ಒತ್ತಿಹೋಗುತ್ತದೆ. ಒತ್ತಿಹೋದ ಕಡೆ ಮೊದಲಿನಷ್ಟು ನೀರು ಹಿಡಿಯುವುದಿಲ್ಲ. ಯಂತ್ರ ಬೇಕೇ ಬೇಕೆಂದರೆ ಅದರಡಿ ದಿಮ್ಮಿ ಹಾಸಿ, ಒಂದೇ ದಾರಿಯಲ್ಲಿ ಓಡಿಸಿ. ಡೀಸೆಲ್ ತುಂಬುವುದು ನೀರಿನಿಂದ ದೂರ ಇರಲಿ. ಚಿಕ್ಕ ಕಾಲುವೆಗೆ ಕೈಗೆಲಸವೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಸಾಮಾನನ್ನು ಮಳೆಗಾಲದ ಕೊನೆಗೆ, ಕಾಲುವೆಯಲ್ಲಿ ನೀರಿರುವಾಗಲೇ ದೋಣಿಯಲ್ಲಿ ತಂದಿಟ್ಟುಕೊಂಡರೆ ರಸ್ತೆ ಮಾಡುವ ಗೋಜೇ ಇಲ್ಲ. ಕೆಲಸ ಬೇಸಿಗೆಯಲ್ಲಿ ನಡೆಯುವುದರಿಂದ ಅಡುಗೆ ಒಲೆ, ಬೀಡಿಯ ಮೇಲೆ ಕಣ್ಣಿರಬೇಕು. ಒಣ ಪೀಟ್‌ಗೆ ಒಂದು ಕಿಡಿ ಬಿದ್ದರೆ ಒಳಗೊಳಗೇ ವಾರಗಟ್ಟಲೆ ಉರಿಯುತ್ತದೆ.

ಒಂದೇ ದೊಡ್ಡ ಒಡ್ಡು ಕಟ್ಟುವ ಆಸೆ ಬೇಡ. ಪೀಟ್ ಮೂಲಕ ನೀರು ಜಿನುಗುತ್ತದೆ. ಒತ್ತಡ ಜಾಸ್ತಿಯಾದರೆ ಪಕ್ಕದಲ್ಲೇ ಕೊರೆದುಕೊಂಡು ಹೊಸ ದಾರಿ ಮಾಡಿಕೊಳ್ಳುತ್ತದೆ. ಚಿಕ್ಕ ಚಿಕ್ಕ ಒಡ್ಡು ಹಾಕಿ, ಒಂದೊಂದರ ಆಚೆ ಈಚೆ ನೀರಿನ ಮಟ್ಟದಲ್ಲಿ ಗೇಣಿನಷ್ಟೇ ವ್ಯತ್ಯಾಸ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಗಿಡ ನೆಡುವುದು ಆಮೇಲಿನ ಮಾತು. ಪ್ರವಾಹಕ್ಕೆ ಸಸಿ ಮುಳುಗದಿರಲೆಂದು ಪೀಟ್ ಅಗೆದು ದಿಬ್ಬ ಮಾಡುತ್ತಾರೆ. ಆ ದಿಬ್ಬ ಒಣಗಿ ಕೊಳೆತು, ಒಳಗೆ ಕೂಡಿಟ್ಟ ಇಂಗಾಲವನ್ನು ಗಾಳಿಗೆ ಬಿಡುತ್ತದೆ. ಹತ್ತಿರ ಕಾಡಿದ್ದರೆ ಬೀಜ ತರುವ ಕೆಲಸ ಹಕ್ಕಿ, ಗಾಳಿಗೆ ಬಿಡಿ. ಇಲ್ಲದ ಕಡೆ ಜೆಲುತುಂಗ್, ಬಲಂಗೆರನ್‌ನಂಥ ಅಲ್ಲಿಯದೇ ಮರ ನೆಡಿ.

ಜನರನ್ನು ಮರೆತರೆ ಇದೆಲ್ಲ ವ್ಯರ್ಥ. ಅಲ್ಲಿನ ದಯಾಕ್ ಜನರಿಗೆ ಕಾಲುವೆಯೇ ರಸ್ತೆ. ಮೀನಿಗೆ, ತೋಟಕ್ಕೆ ದೋಣಿಯಲ್ಲೇ ಹೋಗಬೇಕು. ದಾರಿ ಮುಚ್ಚಿದ ಒಡ್ಡುಗಳನ್ನು ಒಡೆದು ಹಾಕಿದ್ದೂ ಉಂಟು. ನನಗೇನೂ ಆಶ್ಚರ್ಯವಿಲ್ಲ, ನಮ್ಮ ಊರಿನ ರಸ್ತೆಗೆ ಗೋಡೆ ಕಟ್ಟಿದರೆ ನಾವು ಸುಮ್ಮನಿರುತ್ತೇವೆಯೇ? ಒಡ್ಡಿನ ನಡುವೆ ಚಿಕ್ಕ ದೋಣಿ ದಾಟುವಷ್ಟು ತಗ್ಗು ಬಿಟ್ಟರೆ ಹೆಚ್ಚಿನ ನೀರು ಹರಿಯಲೂ ದಾರಿಯಾಗುತ್ತದೆ. ಎಲ್ಲಿ ಬಿಡಬೇಕು ಅನ್ನುವುದನ್ನು ಗೂಟ ಹೊಡೆಯುವ ಮುಂಚೆ ಅವರನ್ನೇ ಕೇಳಿ.

ಮರದ ಒಡ್ಡು ಕೆಲವೇ ವರ್ಷಕ್ಕೆ ಕೊಳೆಯುತ್ತದೆ. ಯೋಜನೆಯ ಹಣ ಅಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೇ ರಿಪೇರಿಯ ದುಡ್ಡು, ನೀರಿನ ಮಟ್ಟ ಅಳೆಯುವ ಕೂಲಿ ಎರಡನ್ನೂ ಮೊದಲ ಬಜೆಟ್‌ನಲ್ಲೇ ತೆಗೆದಿಟ್ಟು, ಆ ಕೆಲಸ ಊರಿನವರಿಗೇ ಕೊಡಬೇಕು.