ಹಳೇ ಜೀಪು: ಅಡಿಭಾಗ ನೋಡಿ ಬೆಲೆ ಕಟ್ಟಿ

ಕೇಳುಗರಿಗೆ ನಮಸ್ಕಾರ.

ಮಹೀಂದ್ರ ಕಂಪೆನಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದ್ದು 1947ರಲ್ಲಿ. ಆ ಕುಲದ ಪೆಟ್ರೋಲ್ ಜೀಪುಗಳು, ಆಮೇಲಿನ ಡೀಸೆಲ್ ಎಂಎಂ 540ಗಳು ಈಗಲೂ ತೋಟಗಳಿಂದ ಘಟ್ಟ ಇಳಿದು ಮಂಗಳೂರು, ಉಡುಪಿಗೆ ಮಾರಾಟಕ್ಕೆ ಬರುತ್ತವೆ. ಕೊಳ್ಳಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ಅದಕ್ಕಿಂತ ಮೊದಲು ಗಾಡಿಯನ್ನೇ ಜಾಕ್ ಮೇಲೆ ಎತ್ತಿಸಿ. ಎಂಜಿನ್ ಕೆಟ್ಟಿದ್ದರೆ ಬೋರ್ ಮಾಡಿಸಬಹುದು, ಬೇರೆಯೇ ತರಬಹುದು. ಗಾಡಿಯ ಉಕ್ಕಿನ ಚೌಕಟ್ಟಾದ ಚಾಸಿಯನ್ನು ತುಕ್ಕು ತಿಂದಿದ್ದರೆ ಹಾಕಿದ ದುಡ್ಡೆಲ್ಲ ನೀರಿಗೆ.

ಚಾಸಿಯ ಹಿಂದಿನ ಅಡ್ಡಪಟ್ಟಿ, ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಕೊಂಡಿ ಕೂರುವ ಜಾಗ, ಬಾಡಿ ಬೋಲ್ಟಿನ ಸುತ್ತ: ಕೆಸರು ನಿಲ್ಲುವುದು ಇಲ್ಲೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ಟೊಳ್ಳಾದದ್ದು ಡಬ್ ಎನ್ನುತ್ತದೆ. ಬಾಡಿಗೆ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಒಳಗಿರುವುದು ತೂತು, ತಗ್ಗು ಮುಚ್ಚಲು ಮೆತ್ತಿದ ದಪ್ಪ ಪುಟ್ಟಿ.

ಹಳೇ ವಿಲ್ಲಿಸ್ ಮಾದರಿಯಲ್ಲಿ ಗೇರ್‌ಬಾಕ್ಸ್, ಎಂಜಿನ್ ಬಲವನ್ನು ಮುಂದಿನ-ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಎರಡರದ್ದೂ ಆಯಿಲ್ ಪ್ಲಗ್ ಬಿಚ್ಚಿ ಮಟ್ಟ ನೋಡಿ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಉಕ್ಕುತ್ತಿದ್ದರೆ ನಡುವಿನ ಸೀಲ್ ಹೋಗಿದೆ ಎಂದರ್ಥ. ಸಡಿಲ ಮಣ್ಣಿನ ಮೇಲೆ ಗಾಡಿ ನಿಲ್ಲಿಸಿ, ಮೊದಲು ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್, ಆಮೇಲೆ ನಿಧಾನಕ್ಕೆ ಹೆಚ್ಚು ಬಲ ಕೊಡುವ ಲೋ ಹಾಕಿ ಏರು ಹತ್ತಿಸಿ, ಇಳಿಸಿ. ಇಳಿಜಾರಿನಲ್ಲಿ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಒಳಗಿನ ಗೇರ್ ಹಲ್ಲು ಸವೆದಿದೆ. ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಿ. ಹೊಸ ಆಯಿಲ್ ಹಾಕುವಾಗ ಜಿಎಲ್-4 ದರ್ಜೆಯ, 90 ದಪ್ಪದ ಗೇರ್ ಆಯಿಲ್ ಕೇಳಿ. ಜಿಎಲ್-5ರ ಕೆಲವು ಆಯಿಲ್‌ಗಳಲ್ಲಿರುವ ಗಂಧಕದ ಅಂಶ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗ್‌ಗಳನ್ನು ತಿನ್ನುತ್ತದೆ.

ದಾಖಲೆಗೆ ಬನ್ನಿ. ಆರ್‌ಸಿಯ ಚಾಸಿ ನಂಬರನ್ನು ಚಾಸಿಯ ಮೇಲಿನ ಗುರುತಿಗೆ ಹೋಲಿಸಿ. ಪೆಟ್ರೋಲ್ ಜೀಪಿಗೆ ಯಾರೋ ಡೀಸೆಲ್ ಎಂಜಿನ್ ಕೂರಿಸಿರುವುದು ಮಾಮೂಲು. ಅದು ಆರ್‌ಸಿಯಲ್ಲಿ ನಮೂದಾಗಿರದಿದ್ದರೆ ಮರುನೋಂದಣಿ ಹೊತ್ತಿಗೆ ಆರ್‌ಟಿಒದಲ್ಲಿ ಪೇಚಾಟ. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಆಮೇಲೆ ಅದರಲ್ಲಿ ದಿನಾ ಪೇಟೆಗೆ ಹೋಗುವಂತಿಲ್ಲ.

ಗಾಡಿ ಮನೆಗೆ ಬಂತು. ಬಣ್ಣ ಕೊನೆಗಿರಲಿ, ಮೊದಲು ಬ್ರೇಕ್. ಹಳೇ ಮಾದರಿಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಬ್ರೇಕ್ ಆಯಿಲ್ ಲೈನು. ಒಂದು ಕಡೆ ಸೋರಿದರೆ ಪೆಡಲ್ ನೆಲಕ್ಕೆ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಿ ಇನ್ನೂ ಬೇಗ. ನಿಂತೇ ಇದ್ದ ಗಾಡಿಯಲ್ಲಿ ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಒಳಗಿನಿಂದ ತುಕ್ಕು ಹಿಡಿದಿರುತ್ತದೆ. ಗೋಡೆಯಲ್ಲಿ ಗುಳಿ ಬಿದ್ದಿದ್ದರೆ ರಬ್ಬರ್ ಕಪ್ ಬದಲಿಸಿ ಫಲವಿಲ್ಲ, ಸಿಲಿಂಡರನ್ನೇ ಬದಲಿಸಿ. ಬ್ರೇಕ್ ಲೈನಿನೊಳಗೆ ಸಿಕ್ಕಿದ ಗಾಳಿ ತೆಗೆಯುವಾಗ, ಪೆಡಲ್ ಒತ್ತಿದರೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ.

ತುಕ್ಕಿನ ಕೆಲಸ ಗಾಳಿಯಲ್ಲಿ ತೇವ ಕಡಿಮೆಯಿರುವ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿ. ಚಾಸಿಗೆ ಮರಳು ಚಿಮ್ಮಿಸಿ ತುಕ್ಕು ತೆಗೆಯುವ ಸ್ಯಾಂಡ್ ಬ್ಲಾಸ್ಟಿಂಗ್ ಸರಿ. ಬಾಡಿಯ ತೆಳು ತಗಡಿಗೆ ಜೋರಾಗಿ ಹೊಡೆಸಿದರೆ ಸೊಟ್ಟಗಾಗುತ್ತದೆ. ಬ್ಲಾಸ್ಟ್ ಆದ ಉಕ್ಕನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ಕೆಂಪು ಪುಡಿ ಕಾಣುತ್ತದೆ. ಆದ್ದರಿಂದ ಅದೇ ದಿನ ಎಪಾಕ್ಸಿ ಪ್ರೈಮರ್ ಎಂಬ ತಳಬಣ್ಣ ಬೀಳಲೇಬೇಕು. ಬರೀ ರೆಡ್ ಆಕ್ಸೈಡ್ ನಮ್ಮ ಮಳೆಗೆ ಸಾಲದು. ಚಾಸಿಯ ಪೆಟ್ಟಿಗೆಯಂತಹ ಭಾಗದೊಳಗೆ ಬ್ರಷ್ ಹೋಗದು. ಅಲ್ಲಿಗೆ ಉದ್ದ ನಳಿಗೆಯಿಂದ ಕ್ಯಾವಿಟಿ ವ್ಯಾಕ್ಸ್ ಎಂಬ ತುಕ್ಕು ತಡೆಯುವ ಮೇಣ ಸಿಂಪಡಿಸಿ. ಕೆಳಗಿರುವ ಚಿಕ್ಕ ತೂತುಗಳು ನೀರು ಹರಿಯಲೆಂದೇ ಇಟ್ಟವು. ಚಂದಕ್ಕೆಂದು ಅವನ್ನು ವೆಲ್ಡ್ ಮಾಡಿ ಮುಚ್ಚುವ ಮೇಸ್ತ್ರಿಗಳಿದ್ದಾರೆ, ಬಿಡಬೇಡಿ. ಜೂನ್ ಮಳೆಗೆ ಮುಂಚೆ ಒಂದು ತಂತಿ ತೂರಿಸಿ, ಎಲ್ಲವೂ ತೆರೆದಿವೆಯೇ ನೋಡಿಕೊಳ್ಳಿ.

ನಮಸ್ಕಾರ.