ರಾತ್ರಿ ಶಾಲೆಯ ಮಕ್ಕಳು ಈಗ ಎಲ್ಲಿದ್ದಾರೆ?

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಕನ್ನಡ ಸಂಘಗಳು ಎಂದರೆ ನನಗೆ ಮೊದಲು ನೆನಪಾಗುವುದು ರಾತ್ರಿ ಶಾಲೆ. ಉಡುಪಿ, ಮಂಗಳೂರು ಕಡೆಯ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಪಾಠ ಕಲಿತರು. ಏನು ಮಾಡಬೇಕು ಎಂದು ಆಗ ಯಾರೂ ಕಾಗದದ ಮೇಲೆ ಬರೆಯಬೇಕಿರಲಿಲ್ಲ. ಬೇಕಾದದ್ದು ಕಣ್ಣೆದುರೇ ಇತ್ತು.

ಈಗ ಹಾಗಲ್ಲ. ನಮ್ಮ ಸಂಘವನ್ನೇ ನೋಡಿ. ಕಚೇರಿ ಮಾಟುಂಗದಲ್ಲಿದೆ. ಸದಸ್ಯರು ಅಲ್ಲಿಂದ ದೂರದ ಡೊಂಬಿವಲಿ, ಮೀರಾರೋಡ್, ನವಿ ಮುಂಬಯಿಗೆ ಹೋಗಿ ನೆಲೆಸಿದ್ದಾರೆ. ವರ್ಷವಿಡೀ ವಾರ್ಷಿಕೋತ್ಸವದ ತಯಾರಿ. ಅದು ಮುಗಿದರೆ ಮುಂದಿನದರ ತಯಾರಿ. ಕಳೆದ ವರ್ಷ ಮೂರು ವರ್ಷದ ಯೋಜನೆ ಮಾಡೋಣ ಎಂದು ಕೂತೆವು. ಮೊದಲು ಬಂದ ಮಾತು ಸಭಾಂಗಣಕ್ಕೆ ಇನ್ನೊಂದು ಮಹಡಿ. ನನಗೂ ಅದು ಸರಿ ಅನ್ನಿಸಿತ್ತು.

ಆದರೆ ಬರೆಯುವ ಮೊದಲು ಕೇಳಿ ಬರೋಣ ಎಂದು ಇಬ್ಬಿಬ್ಬರಾಗಿ ಭಾನುವಾರಗಳಂದು ಮನೆಮನೆಗೆ ಹೋದೆವು. ಮಹಡಿ ಬೇಕು ಅಂದವರು ಒಬ್ಬರೂ ಇಲ್ಲ. ಡೊಂಬಿವಲಿಯ ತಾಯಿಯೊಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಮಗಳು ಅಜ್ಜಿ ಜೊತೆ ಚೆನ್ನಾಗಿ ಕನ್ನಡ ಮಾತಾಡ್ತಾಳೆ. ಆದರೆ ಅಜ್ಜಿ ಬರೆದ ಕಾಗದ ಓದೋಕೆ ಬರಲ್ಲ." ವಯಸ್ಸಾದವರು ಕೇಳಿದ್ದು ಬೇರೆ. ಆಸ್ಪತ್ರೆಗೆ ಹೋಗುವಾಗ ಜೊತೆಗೊಬ್ಬರು ಬೇಕು, ಅಷ್ಟೇ.

ಮಹಡಿ ಬಿಟ್ಟೆವು. ಅದನ್ನು ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಹಿರಿಯರಿಗೆ ಅದು ಬಹಳ ದಿನದ ಆಸೆ ಅಲ್ವಾ? ಅವರನ್ನು ನೋಯಿಸದೆ ಒಪ್ಪಿಸಲು ಮೂರು ಸಭೆ ಬೇಕಾದವು. ಕೊನೆಗೆ ಯೋಜನೆಯಲ್ಲಿ ಉಳಿದದ್ದು ಎರಡೇ ಕೆಲಸ: ವರ್ಷಕ್ಕೊಂದು ಬಡಾವಣೆಯಲ್ಲಿ ಶನಿವಾರದ ಕನ್ನಡ ತರಗತಿ, ಹಿರಿಯರ ಜೊತೆ ಹೋಗುವವರ ಒಂದು ಪಟ್ಟಿ. ಪ್ರತಿಯೊಂದರ ಮುಂದೆ ಖರ್ಚು ಎಷ್ಟು, ಹೊಣೆ ಯಾರದು ಎಂದು ಬರೆದೆವು. ಎಷ್ಟು ತರಗತಿ ನಡೆಸಿದೆವು ಎಂದು ಲೆಕ್ಕ ಇಡುವುದಿಲ್ಲ. ಮಾರ್ಚ್ ಕೊನೆಗೆ ಎಷ್ಟು ಮಕ್ಕಳು ಒಂದು ಪುಟ ತಾವೇ ಓದುತ್ತಾರೆ ಎಂದು ನೋಡುತ್ತೇವೆ.

ಕಾಗದಪತ್ರದ ಮಾತು ಬೇಸರದ್ದು, ಆದರೂ ಹೇಳಲೇಬೇಕು. ನಮ್ಮ ಸಂಘ ಟ್ರಸ್ಟ್ ಆಗಿ ನೋಂದಣಿಯಾಗಿದೆ. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಪ್ರಕಾರ ಟ್ರಸ್ಟಿಗಳು ಬದಲಾದರೆ 90 ದಿನದೊಳಗೆ ಟ್ರಸ್ಟ್‌ಗಳನ್ನು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯಾದ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್, ಅಂದರೆ ಬದಲಾವಣೆಯ ವರದಿ, ಕೊಡಬೇಕು. ನಾವು ಕೊಟ್ಟಿರಲಿಲ್ಲ. ದಾಖಲೆಯಲ್ಲಿ ತೀರಿಕೊಂಡವರ ಹೆಸರು ಹಾಗೇ ಇತ್ತು. ದೊಡ್ಡ ದಾನಿ, ಕಂಪನಿಯ ಸಿಎಸ್ಆರ್ (ಸಮಾಜಸೇವೆಗೆ ಹಣ ಕೊಡುವ) ವಿಭಾಗ ಮೊದಲು ಕೇಳುವುದೇ ಇಂಥ ಕಾಗದ. ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿಗೂ ಅವಧಿ ಇರುತ್ತದೆ. ಅದು ಮುಗಿಯುವ ತಾರೀಕನ್ನೂ ಯೋಜನೆಯಲ್ಲೇ ಬರೆದುಕೊಂಡೆವು.

ಡೊಂಬಿವಲಿಯ ತರಗತಿ ಶುರುವಾಗಿದೆ. ಸದಸ್ಯರೊಬ್ಬರ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ ಕೂರುತ್ತಾರೆ, ಹನ್ನೊಂದು ಮಕ್ಕಳು. ಮೀರಾರೋಡ್‌ಗೆ ಇನ್ನೂ ಶಿಕ್ಷಕಿ ಸಿಕ್ಕಿಲ್ಲ. ಹುಡುಕುತ್ತಿದ್ದೇವೆ. ನಮಸ್ಕಾರ.