ಮೊಟ್ಟೆಗಣ್ಣಿನ ಕಾರಿನ ಪರವಾಗಿ

ನಮಸ್ಕಾರ. ಇವತ್ತು ಕಾರಿನ ಅಂದಚಂದದ ಬಗ್ಗೆ ಮಾತಾಡೋಣ. ರೇಡಿಯೋದಲ್ಲಿ ಚಿತ್ರ ತೋರಿಸಲು ಬರುವುದಿಲ್ಲ, ಅದಕ್ಕೆ ನಿಮ್ಮ ಬಲಗೈಯನ್ನೇ ಒಂದು ನಿಮಿಷ ಸಾಲ ಕೊಡಿ. ಅಂಗೈ ಕೆಳಗೆ ಮಾಡಿ ಮೇಜಿನ ಮೇಲಿಡಿ. ಒಳಗೊಂದು ನಿಂಬೆಹಣ್ಣು ಬಚ್ಚಿಟ್ಟಿದ್ದೀರಿ ಅನ್ನುವ ಹಾಗೆ ಸ್ವಲ್ಪ ಉಬ್ಬಿಸಿ. ಈಗ ಗೆಣ್ಣಿನಿಂದ ಉಗುರಿನ ತನಕ ಒಂದು ಗೆರೆ ಇಳಿಯುತ್ತದಲ್ಲ, ಎಲ್ಲೂ ಮುರಿಯದೆ, ಎಲ್ಲೂ ಮೆಟ್ಟಿಲಾಗದೆ? ಜರ್ಮನಿಯ ಪೋರ್ಶೆ ಕಂಪನಿಯ 911 ಅನ್ನುವ ಸ್ಪೋರ್ಟ್ಸ್ ಕಾರಿನ ಬೆನ್ನು ಅದೇ. 1963ರಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ ಮೊದಲು ಕಾಣಿಸಿದಾಗಲೂ ಹಾಗಿತ್ತು, ಈಗಲೂ ಹಾಗೇ ಇದೆ.

ಹಾಗೇ ಇದೆ ಅಂತ ನಾನೂ ತುಂಬಾ ವರ್ಷ ನಂಬಿಕೊಂಡಿದ್ದೆ. ಆಮೇಲೆ ಕೆಲಸದ ಮೇಲೆ ಕೆಲವು ತಿಂಗಳು ಸ್ಟುಟ್‌ಗಾರ್ಟ್‌ನಲ್ಲಿ ಇರಬೇಕಾಯಿತು. ಬೆಂಗಳೂರಿನಿಂದ ಆ ಕಡೆ ಹೋಗಿಬರುವ ಎಂಜಿನಿಯರ್‌ಗಳಿಗೇನು ಕೊರತೆ, ಬಾಷ್ ಮತ್ತು ಮರ್ಸಿಡಿಸ್ ಎರಡರ ತವರೂ ಅದೇ ತಾನೆ. ಅಲ್ಲಿ ತ್ಸುಫೆನ್‌ಹೌಸನ್ ಅನ್ನುವ ಜಾಗದಲ್ಲಿ ಪೋರ್ಶೆ ಮ್ಯೂಸಿಯಂ ಇದೆ. ಒಂದು ಭಾನುವಾರ ಹೋಗಿ ಹಳೆಯ 911ರ ಪಕ್ಕ ನಿಂತೆ. ಮೊದಲು ಬಾಯಿಗೆ ಬಂದದ್ದು, ಅಯ್ಯೋ, ಇಷ್ಟೇನಾ?

ನಿಜಕ್ಕೂ ಅಷ್ಟೇ. ಅದರ ಅಗಲ 1610 ಮಿಲಿಮೀಟರ್. ನಮ್ಮ ಬೀದಿಬೀದಿಯಲ್ಲಿ ಓಡಾಡುತ್ತಲ್ಲ ಮಾರುತಿ ಸ್ವಿಫ್ಟ್, 2018ರಲ್ಲಿ ಬಂದದ್ದು, ಅದು 1735. ಅಂದರೆ ಪೋಸ್ಟರ್‌ಗಳಲ್ಲಿ ಹುಲಿಯ ಹಾಗೆ ಕಾಣುವ ಆ ಕಾರು ಸ್ವಿಫ್ಟ್‌ಗಿಂತ ಸಣಕಲು. ಇನ್ನು 2018ರ ಕೊನೆಗೆ ತೋರಿಸಿದ 992 ಅನ್ನುವ ತಲೆಮಾರಿನ 911 ತೆಗೆದುಕೊಳ್ಳಿ, ಅದರ ಅಗಲ 1852. ಹಳೆಯದಕ್ಕೂ ಇದಕ್ಕೂ ವ್ಯತ್ಯಾಸ ಒಂದು ಗೇಣಿಗಿಂತ ಜಾಸ್ತಿ. ಉದ್ದ 4163ರಿಂದ 4519ಕ್ಕೆ ಹೋಗಿದೆ. ಎರಡನ್ನೂ ಕಳೆದು ನೋಡಿ, 356 ಬರುತ್ತದೆ. 911ಕ್ಕೂ ಮುಂಚೆ ಇದ್ದ ಪೋರ್ಶೆಯ ಹೆಸರೂ 356! ಸುಮ್ನೆ ಕಾಕತಾಳೀಯ, ಆದರೆ ಮ್ಯೂಸಿಯಂನಲ್ಲಿ ನಿಂತು ಮೊಬೈಲ್‌ನಲ್ಲಿ ಲೆಕ್ಕ ಹಾಕಿದವನಿಗೆ ಖುಷಿಯಾಗದೆ ಇರುತ್ತದೆಯೇ? ಎತ್ತರ ಮಾತ್ರ ಅಂದು 1320 ಇದ್ದದ್ದು ಇಂದು ಎರಡು ಸೆಂಟಿಮೀಟರ್ ಕಮ್ಮಿಯೇ ಆಗಿದೆ. ಇಷ್ಟು ವರ್ಷದಲ್ಲಿ ಎತ್ತರ ಬೆಳೆಯಲಿಲ್ಲ, ಬರೀ ಅಡ್ಡಡ್ಡ ಬೆಳೆಯಿತು. ನನ್ನ ಹಾಗೆ.

ಯಾಕೆ ಹೀಗಾಯಿತು ಅಂದರೆ ಎಲ್ಲರೂ ಕಂಪನಿಯವರ ಕೊಬ್ಬು ಅನ್ನುತ್ತಾರೆ. ಪೂರ್ತಿ ಹಾಗಲ್ಲ. ಹಳೆ ಕಾರಿನ ಬಾಗಿಲು ತೆಳ್ಳಗಿತ್ತು, ಗಾಜಿನ ಪಕ್ಕದ ಕಂಬಗಳು ಬೆರಳಿನಷ್ಟಿದ್ದವು, ಸುತ್ತಲೂ ಗಾಜೋ ಗಾಜು. ಈಗ ಅದೇ ಬಾಗಿಲೊಳಗೆ ಪಕ್ಕದಿಂದ ಗುದ್ದಿದರೆ ತಡೆಯುವ ಉಕ್ಕಿನ ತೊಲೆ ಇರಬೇಕು, ಏರ್‌ಬ್ಯಾಗ್ ಇರಬೇಕು, ಸ್ಪೀಕರ್ ಇರಬೇಕು. ಟೈರು ನೋಡಿ. ಅಂದು ಅಗಲ 165 ಮಿಲಿಮೀಟರ್, 15 ಇಂಚಿನ ಚಕ್ರ. ಇಂದಿನ 911ರಲ್ಲಿ ಕರೆರಾ ಎಸ್ ಅನ್ನುವ ಮಾದರಿಯ ಹಿಂದಿನ ಟೈರು 305, ಚಕ್ರ 21 ಇಂಚು. ಅಷ್ಟು ದೊಡ್ಡ ಚಕ್ರ ಮುಚ್ಚಲು ಅಷ್ಟು ದಪ್ಪ ತೊಡೆಯೇ ಬೇಕು.

ಇನ್ನೊಂದು ವಿಷಯ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಹಳೆ 911ರ ಮೂತಿಯಲ್ಲಿ ಬಾಯಿಯೇ ಇಲ್ಲ! ದೀಪದ ಕೆಳಗೆ ಹಾರ್ನ್ ಸದ್ದು ಹೊರಬರಲು ಪುಟ್ಟ ಜಾಲರಿ ಎರಡು, ಅಷ್ಟೇ. ಯಾಕೆಂದರೆ ಎಂಜಿನ್ ಹಿಂದಿತ್ತು, ಗಾಳಿಯಿಂದಲೇ ತಣ್ಣಗಾಗುತ್ತಿತ್ತು, ಮುಂದೆ ರೇಡಿಯೇಟರ್ ಇರಲಿಲ್ಲ. ಆ ಮುಖದ ಶಾಂತಿ ಇದೆಯಲ್ಲ, ಅದನ್ನು ಯಾರೋ ಕೂತು ಕಲ್ಪಿಸಿದ್ದಲ್ಲ, ರೇಡಿಯೇಟರ್ ಇಲ್ಲದ್ದರಿಂದ ಬಂದದ್ದು. ಮುಂದೆ ನೀರಿನಿಂದ ತಣ್ಣಗಾಗುವ ಎಂಜಿನ್ ಬಂತು, ರೇಡಿಯೇಟರ್‌ಗಳು ಮುಂದಿನ ಚಕ್ರಗಳ ಎದುರು ಬಂದು ಕೂತವು, ಬಂಪರಿಗೆ ಬಾಯಿ ತೆರೆಯದೆ ವಿಧಿಯಿರಲಿಲ್ಲ.

ಮೊದಲ ಕಾರಿಗೆ ರೂಪ ಕೊಟ್ಟವರು ಫರ್ಡಿನಾಂಡ್ ಅಲೆಕ್ಸಾಂಡರ್ ಪೋರ್ಶೆ, ಕಂಪನಿ ಕಟ್ಟಿದವರ ಮೊಮ್ಮಗ. ಎಲ್ಲರೂ ಬುಟ್ಸಿ ಅಂತ ಕರೆಯುತ್ತಿದ್ದರು. ಮೇಳದಲ್ಲಿ ಕಾರು ತೋರಿಸಿದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಕಾರಿಗೆ ಇಟ್ಟ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ನಮ್ಮದು ಅಂತ ಫ್ರಾನ್ಸಿನ ಪೆಜೋ ಕಂಪನಿ ತಕರಾರು ತೆಗೆಯಿತು, ಸೊನ್ನೆ ಹೋಗಿ ಒಂದು ಬಂತು. ಆ 901 ಹೆಸರಿನ ಕಾಲದ ಒಂದು ಕೆಂಪು ಕಾರು ಜರ್ಮನಿಯ ಒಂದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದು 2014ರಲ್ಲಿ ಸಿಕ್ಕಿತು. ಮುಂದಿನ ಮಡ್‌ಗಾರ್ಡ್‌ಗಳೇ ಇರಲಿಲ್ಲ. ಸುಮಾರು ಮೂರು ವರ್ಷ ಹಿಡಿದು ರಿಪೇರಿ ಮಾಡಿ ಮ್ಯೂಸಿಯಂಗೆ ತಂದರು.

ಮಡ್‌ಗಾರ್ಡ್ ಅಂದೆನಲ್ಲ, ಹಳೆ ಕಾರಿನ ಚಾಲಕನ ಸೀಟಿನಿಂದ ಎರಡೂ ಮಡ್‌ಗಾರ್ಡ್‌ಗಳ ಬೆನ್ನು ಬಾನೆಟ್ಟಿಗಿಂತ ಎತ್ತರವಾಗಿ, ಎತ್ತಿನ ಗಾಡಿಯಲ್ಲಿ ಕೂತವನಿಗೆ ಎರಡು ಎತ್ತಿನ ಭುಜ ಕಂಡ ಹಾಗೆ ಕಾಣುತ್ತದೆ. ಚಕ್ರ ಎಲ್ಲಿದೆ ಅಂತ ಕೇಳಲೇಬೇಕಿಲ್ಲ. ಅದರ ತುದಿಯಲ್ಲಿ ದುಂಡು ದೀಪ. ದುಂಡಗೆ ಯಾಕೆ? ಆ ಕಾಲದಲ್ಲಿ ದೀಪ ಸಿಗುತ್ತಿದ್ದದ್ದೇ ಹೆಚ್ಚಾಗಿ ದುಂಡಗೆ! ಅಮೆರಿಕದಲ್ಲಂತೂ ಸರ್ಕಾರ ಹೇಳಿದ ಅಳತೆಯ ಸೀಲ್ಡ್ ಬೀಮ್ ದೀಪವೇ, ಅಂದರೆ ಬಲ್ಬು ಗಾಜು ಎಲ್ಲ ಸೇರಿಸಿ ಮುಚ್ಚಿದ ದೀಪವೇ ಬೇಕಿತ್ತು. ಅದಕ್ಕೆ ಅಲ್ಲಿಗೆ ಕಳಿಸಿದ ಎಷ್ಟೋ 911ಗಳಲ್ಲಿ ದೀಪ ಒಂದು ಗುಳಿಯೊಳಗೆ ನೆಟ್ಟಗೆ ನಿಂತಿರುತ್ತದೆ. ಅಲ್ಲಿನವರು ಅದಕ್ಕೆ ಸಕ್ಕರೆ ಸೌಟು ಅಂತ ಹೆಸರಿಟ್ಟಿದ್ದಾರೆ.

ನಂತರದ ಬದಲಾವಣೆಗಳಿಗೂ ಇಂಥದೇ ಕಾರಣ. 1973ರ ಕರೆರಾ ಆರ್‌ಎಸ್ ಅನ್ನುವ 911ಕ್ಕೆ ಬಾತುಕೋಳಿ ಬಾಲದಂಥ ರೆಕ್ಕೆ ಬಂದದ್ದು ಜೋರಾಗಿ ಹೋದಾಗ ಹಿಂಭಾಗ ಎದ್ದೇಳುತ್ತಿತ್ತು ಅಂತ. 1974ರಲ್ಲಿ ಬಂಪರಿನ ಪಕ್ಕ ಹಾರ್ಮೋನಿಯಂ ತಿದಿಯಂಥ ಮಡಿಕೆ ಬಂದದ್ದು, ನಿಧಾನವಾಗಿ ಗುದ್ದಿದರೆ ಬಾಡಿಗೆ ಪೆಟ್ಟಾಗಬಾರದು ಅನ್ನುವ ಅಮೆರಿಕದ ಕಾನೂನಿಗೆ. 911 ಟರ್ಬೊ ಕಾರಿನ ತಿಮಿಂಗಿಲ ಬಾಲದಂಥ ರೆಕ್ಕೆ ಮಾತ್ರ ನನಗೆ ಯಾವಾಗಲೂ ಮೂಗಿಗಿಂತ ಮೂಗುತಿ ಭಾರ ಅನ್ನಿಸಿದೆ. ಬೈಯುವವರು ಬೈಯಲಿ.

ಈಗ ನಾನು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. 993 ಅನ್ನುವ ತಲೆಮಾರು, ಗಾಳಿಯಿಂದ ತಣ್ಣಗಾಗುವ ಕೊನೆಯ 911, ಎಲ್ಲರಿಗೂ ಅಚ್ಚುಮೆಚ್ಚು. ನನಗೂ ಅದೇ ಚಂದ, ಸುಳ್ಳು ಹೇಳುವುದಿಲ್ಲ. ಆದರೆ 1997ರಲ್ಲಿ ಅದರ ನಂತರ ಬಂದ 996ನ್ನು ಜನ ಬೈದ ಹಾಗೆ ಇನ್ಯಾವ 911ನ್ನೂ ಬೈದಿಲ್ಲ. ಕಾರಣ ಅದರ ದೀಪ. ದುಂಡು ದೀಪ ಹೋಗಿ, ಅಂಚಿನಲ್ಲಿ ಕೆಳಗೆ ಹರಿದ, ಹಳದಿ ಇಂಡಿಕೇಟರ್ ಸೇರಿಸಿಕೊಂಡ ಒಂದು ಆಕಾರ ಬಂತು. ಬಾಣಲೆಗೆ ಮೊಟ್ಟೆ ಒಡೆದು ಹಾಕಿದಾಗ ಬಿಳಿ ಒಂದು ಕಡೆ ಹರಿಯುತ್ತದಲ್ಲ, ಹಾಗೆ. ಜರ್ಮನಿಯಲ್ಲೇ ಅದಕ್ಕೆ ಕರಿದ ಮೊಟ್ಟೆ ಅಂತ ಹೆಸರು ಬಿತ್ತು.

90ರ ದಶಕದ ಶುರುವಿನಲ್ಲಿ ಕಂಪನಿಯ ಕೈ ಬರಿದಾಗಿತ್ತು. ಎರಡು ಹೊಸ ಕಾರು ಬೇಕು, ದುಡ್ಡಿಲ್ಲ. ಹಾಗಾಗಿ ಬಾಕ್ಸ್ಟರ್ ಅನ್ನುವ ತಮ್ಮದೇ ಅಗ್ಗದ ಕಾರಿಗೂ 911ಕ್ಕೂ ಮುಂಭಾಗದ ಬಹುತೇಕ ಭಾಗ ಒಂದೇ ಮಾಡಿದರು, ಬಾಗಿಲು ಕೂಡ. ದೀಪ, ಇಂಡಿಕೇಟರ್, ಫಾಗ್ ಲ್ಯಾಂಪ್ ಎಲ್ಲ ಒಂದೇ ಡಬ್ಬಿಯಲ್ಲಿ, ಕಾರ್ಖಾನೆಯ ಜೋಡಣೆಯ ಸಾಲಿನಲ್ಲಿ ಕಾರು ಬಂದಾಗ ಬೇಗ ತಳ್ಳಿ ಕೂರಿಸಿದರೆ ಮುಗಿಯಿತು. ಈಗ ಹೇಳಿ, ಇದು ಬುಟ್ಸಿಯ ಕೆಲಸಕ್ಕಿಂತ ಹೇಗೆ ಬೇರೆ? ಅವರೂ ಸಿಕ್ಕ ದೀಪ, ಸಿಕ್ಕ ಎಂಜಿನ್, ಸಿಕ್ಕ ಜಾಗ ಇಟ್ಟುಕೊಂಡೇ ಗೆರೆ ಎಳೆದದ್ದು. 996 ಕೂಡ ತನ್ನ ಕಾಲದ ತಾಪತ್ರಯದಿಂದ ಹುಟ್ಟಿದ ಮುಖ. ಚಂದ ಇಲ್ಲ ಅನ್ನಿ, ಒಪ್ಪುತ್ತೇನೆ. ಆದರೆ ಅದು ಅಪ್ಪನ ವೇಷ ಹಾಕಿಕೊಂಡಿರಲಿಲ್ಲ.

2004ರಲ್ಲಿ 997 ಬಂತು, ದುಂಡು ದೀಪ ವಾಪಸ್ ಬಂತು. ಈ ಸಲ ದೀಪ ದುಂಡಗಿರಲೇಬೇಕು ಅನ್ನುವ ಅಗತ್ಯ ಯಾವುದೂ ಇರಲಿಲ್ಲ, ಜನ ಕೇಳಿದರು, ಕೊಟ್ಟರು. ಅಲ್ಲಿಂದ ಮುಂದೆ ಪ್ರತಿ ಹೊಸ 911 ಹಳೆ ಆಲ್ಬಂ ತೆಗೆದು ನೋಡುತ್ತಾ ಬಂದಿದೆ. 992ರ ಬಾನೆಟ್ಟಿನ ನಡುವೆ ಇರುವ ತಗ್ಗು ಹಳೆಯದರ ನೆನಪಿಗೆ. ಒಳಗೆ ನಡುವೆ ಆರ್‌ಪಿಎಂ, ಅಂದರೆ ಎಂಜಿನ್ ಸುತ್ತುವ ವೇಗ ತೋರಿಸುವ ಮುಳ್ಳು ಇತ್ತು, 2024ರ ತಿದ್ದುಪಡಿಯಲ್ಲಿ ಅದೂ ಪರದೆಯಾಯಿತು, ಈಗ ಅಲ್ಲಿ ಇರುವುದು ಮುಳ್ಳಿನ ಚಿತ್ರ. ಕೆಟ್ಟದ್ದು ಅನ್ನುತ್ತಿಲ್ಲ. ಹಿಂದಿನಿಂದ ನೋಡಿದರೆ, ರಾತ್ರಿ ಆ ಉದ್ದದ ಕೆಂಪು ದೀಪದ ಪಟ್ಟಿ ಹತ್ತಿದಾಗ, ನನಗೂ ಎದೆ ಝಲ್ಲೆನ್ನುತ್ತದೆ.

ಹೊಸದೆಲ್ಲ ಊದಿಕೊಳ್ಳಲೇಬೇಕು ಅಂತೇನಿಲ್ಲ. ಜಪಾನಿನ ಮಜ್ದಾ ಎಂಎಕ್ಸ್-5 ನೋಡಿ, 1989ರ ಮೊದಲ ಕಾರಿಗಿಂತ 2015ರ ನಾಲ್ಕನೆಯದೇ ಉದ್ದದಲ್ಲಿ ಸ್ವಲ್ಪ ಕಮ್ಮಿ. ಮೊದಲನೆಯದರ ರೆಪ್ಪೆ ತೆರೆಯುವ ದೀಪ ಮಾತ್ರ ವಾಪಸ್ ಬರಲಿಲ್ಲ. ಅದನ್ನು ವಾಪಸ್ ತರುವ ನಾಟಕವನ್ನೂ ಅವರು ಮಾಡಲಿಲ್ಲ.

ಸ್ಟುಟ್‌ಗಾರ್ಟ್‌ನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಾಸನದ ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ 996 ಇಟ್ಟುಕೊಂಡಿದ್ದ, ಬೆಳ್ಳಿ ಬಣ್ಣದ್ದು. 911ಗಳಲ್ಲಿ ಅವನ ಕೈಗೆ ಎಟುಕಿದ್ದು ಅದೊಂದೇ. ಮ್ಯೂಸಿಯಂನಿಂದ ಹೊರಗೆ ಬಂದು ಪಾರ್ಕಿಂಗ್‌ಗೆ ಹೋದರೆ ಪಕ್ಕದಲ್ಲೇ ಒಂದು ಹೊಚ್ಚಹೊಸ 992 ನಿಂತಿತ್ತು, ಗೆರೆಯಿಂದ ಗೆರೆಗೆ ತುಂಬಿಕೊಂಡು. ನಾನು ಹೊಟ್ಟೆ ಒಳಗೆಳೆದುಕೊಂಡು ಅಡ್ಡವಾಗಿ ನುಸುಳಿ ಬಾಗಿಲು ತೆಗೆಯಬೇಕಾಯಿತು. ಅಷ್ಟರಲ್ಲಿ ಮೊಮ್ಮಗನ ಕೈ ಹಿಡಿದುಕೊಂಡು ಬಂದ ಒಬ್ಬ ಅಜ್ಜ ನಮ್ಮ ಕಾರಿನ ದೀಪವನ್ನು ಬಗ್ಗಿ ನೋಡಿ, ಪ್ರೀತಿಯಿಂದಲೇ, ಇದು ಬಾಕ್ಸ್ಟರ್ ಅಲ್ವಾ ಅಂತ ಕೇಳಿದರು. ಗೆಳೆಯ ಏನೂ ಮಾತಾಡಲಿಲ್ಲ. ಅವರನ್ನು ಹಿಂದಕ್ಕೆ ಕರೆದುಕೊಂಡು ಹೋಗಿ, ಮುಚ್ಚಳದ ಮೇಲಿದ್ದ 911 ಅನ್ನುವ ಅಕ್ಷರಗಳನ್ನು ಬೆರಳಿನಿಂದ ತೋರಿಸಿದ. ಆ ಹುಡುಗ ಅಷ್ಟರಲ್ಲಿ ಬೆನ್ನಿನ ಗೆರೆಯ ಮೇಲೆ ಕೈ ಆಡಿಸುತ್ತಿದ್ದ, ಗಾಜಿನ ಮೇಲಿನಿಂದ ಬಂಪರ್ ತನಕ, ಮತ್ತೆ ಮೇಲಿನಿಂದ.